ಓದುಗರ ಪ್ರಶ್ನೆ, ನಮ್ಮ ಉತ್ತರ: ದೇಶಗಳು ಮನುಷ್ಯರೂಪ ತಾಳಿದಾಗ

ಪ್ರಶ್ನೆ: ‘ಹೆಟಾಲಿಯಾ’ ಎಂಬ ಜಪಾನಿನ ಕಾಮಿಕ್ಸ್ ಮತ್ತು ಅನಿಮೇಷನ್ ಸರಣಿಯಲ್ಲಿ ಇಟಲಿ, ಜರ್ಮನಿ, ಜಪಾನ್ ಮೊದಲಾದ ದೇಶಗಳೇ ಯುವಕರ ರೂಪದಲ್ಲಿ ಬಂದು ಜಗಳವಾಡುತ್ತವೆ, ಮತ್ತೆ ರಾಜಿಯಾಗುತ್ತವೆ. ಯುರೋಪಿನ ಇತಿಹಾಸವನ್ನು ಇದರಿಂದಲೇ ಕಲಿತೆವೆಂದು ನನ್ನ ಕೆಲವು ಸಹಪಾಠಿಗಳು ಹೇಳುತ್ತಾರೆ. ಇಂಥ ಪಾತ್ರಗಳಲ್ಲಿ ನಿಜವಾದ ಚರಿತ್ರೆ ಎಷ್ಟಿರುತ್ತದೆ?
– ಇತಿಹಾಸದ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಚರಿತ್ರೆ ಖಂಡಿತ ಇರುತ್ತದೆ. ಆದರೆ ಅದು ಬಹುಮಟ್ಟಿಗೆ ಆ ದೇಶದ ಚರಿತ್ರೆಯಲ್ಲ. ಪಾತ್ರವನ್ನು ಕಟ್ಟಿದವರದು, ಅವರ ಕಾಲದ್ದು, ಅವರಿಗಿದ್ದ ಉದ್ದೇಶದ್ದು.

ಇಂಗ್ಲೆಂಡಿನ ಜಾನ್ ಬುಲ್‌ನನ್ನೇ ನೋಡಿ. ದಪ್ಪ ಹೊಟ್ಟೆಯ, ಮುಂಗೋಪದ, ಆದರೆ ಮನಸ್ಸಿನಲ್ಲಿ ಕಪಟವಿಲ್ಲದ ಈ ಮನುಷ್ಯನು ಜನಪದದಿಂದ ತಾನಾಗಿ ಹುಟ್ಟಿ ಬಂದವನೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅವನನ್ನು ಸೃಷ್ಟಿಸಿದವರು ರಾಣಿ ಆನ್ ಅವರ ವೈದ್ಯರಾಗಿದ್ದ ಜಾನ್ ಅರ್ಬತ್‌ನಾಟ್. 1712ರಲ್ಲಿ ಒಂದರ ಹಿಂದೊಂದರಂತೆ ಪ್ರಕಟವಾದ ಅವರ ಕಿರುಹೊತ್ತಗೆಗಳಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ನಡೆಯುತ್ತಿದ್ದ ಮಹಾಯುದ್ಧವು ಒಂದು ಆಸ್ತಿ ವ್ಯಾಜ್ಯದ ರೂಪ ತಾಳುತ್ತದೆ. ಬಟ್ಟೆ ವ್ಯಾಪಾರಿಯಾದ ಜಾನ್ ಬುಲ್ ಮತ್ತು ಅವನ ಜೊತೆಗಾರನಾದ ಡಚ್ಚರ ನಿಕೊಲಾಸ್ ಫ್ರಾಗ್ ಸೇರಿಕೊಂಡು, ಫ್ರಾನ್ಸಿನ ಲೂಯಿ ದೊರೆಯನ್ನು ಸೂಚಿಸುವ ಲೂಯಿಸ್ ಬಬೂನ್‌ನ ಮೇಲೆ ದಾವೆ ಹೂಡುತ್ತಾರೆ. ವಕೀಲನು, ಅಂದರೆ ಸೇನಾಪತಿ ಮಾರ್ಲ್‌ಬರೊ, ವ್ಯಾಜ್ಯ ಮುಗಿಯದಂತೆ ಎಳೆಯುತ್ತ ಜೇಬು ತುಂಬಿಕೊಳ್ಳುತ್ತಾನೆ. ಕಕ್ಷಿದಾರನಾದ ಜಾನ್ ಬುಲ್ ಸಾಲದಲ್ಲಿ ಮುಳುಗುತ್ತಾನೆ. ಯುದ್ಧವನ್ನು ನಿಲ್ಲಿಸಬೇಕೆಂಬ ಟೋರಿ ಪಕ್ಷದ ವಾದವನ್ನು ಸಾಮಾನ್ಯ ತೆರಿಗೆದಾರನ ತಲೆಗೆ ಹತ್ತಿಸುವುದೇ ಈ ಕಥೆಯ ಕೆಲಸವಾಗಿತ್ತು, ಮತ್ತು ಮರುವರ್ಷವೇ ಯೂಟ್ರೆಕ್ಟ್‌ನಲ್ಲಿ ಸಂಧಿಯೂ ಆಯಿತು. ಮುಂದೆ ಅಪ್ಪಟ ದೇಶಾಭಿಮಾನದ ಗುರುತಾದವನು ಹುಟ್ಟಿದ್ದು ಯುದ್ಧವಿರೋಧಿ ಪ್ರಚಾರದಲ್ಲಿ. ಅವನನ್ನು ಹುಟ್ಟಿಸಿದವರಾದರೋ ಇಂಗ್ಲಿಷರಲ್ಲ, ಸ್ಕಾಟ್‌ಲೆಂಡಿನವರು! ಜಾನ್ ಬುಲ್‌ಗೆ ಪೆಗ್ ಎಂಬ ತಂಗಿಯೂ ಇದ್ದಾಳೆ. ಅಣ್ಣ ಉಂಡುಟ್ಟು ಕೊಬ್ಬಿದ್ದರೆ ಅವಳು ಚಿಕ್ಕಂದಿನಿಂದ ಹೊಟ್ಟೆಗಿಲ್ಲದೆ ಬಡಗಾಳಿ ಹೊಡೆಯುವ ಅಟ್ಟದ ಮೇಲೆ ದಿನ ಕಳೆದವಳು; ಅವಳೇ ಸ್ಕಾಟ್‌ಲೆಂಡ್. ಎರಡು ರಾಜ್ಯಗಳ ವಿಲೀನವಾಗಿ ಆಗಿನ್ನೂ ಐದು ವರ್ಷವಾಗಿತ್ತಷ್ಟೆ ಎಂಬುದನ್ನು ನೆನೆದರೆ ಈ ತಂಗಿಯ ಚಿತ್ರದ ಹಿಂದಿರುವ ಕಹಿ ಅರ್ಥವಾಗುತ್ತದೆ.

ಬ್ರಿಟನ್ನಿಗೆ ಕೊಟ್ಟ ಹೆಣ್ಣಿನ ರೂಪವಾದ ಬ್ರಿಟಾನಿಯಾಳ ಕಥೆ ಇನ್ನೂ ಹಳೆಯದು. ಇಂದಿನ ಟರ್ಕಿಯಲ್ಲಿರುವ ಅಫ್ರೋಡಿಸಿಯಾಸ್ ಎಂಬ ಪ್ರಾಚೀನ ನಗರದಲ್ಲಿ ದೊರೆತ, ಕ್ರಿಸ್ತಶಕ ಮೊದಲ ಶತಮಾನದ ಒಂದು ಉಬ್ಬುಶಿಲ್ಪದಲ್ಲಿ ರೋಮನ್ ಚಕ್ರವರ್ತಿ ಕ್ಲಾಡಿಯಸ್ ಒಬ್ಬ ಹೆಂಗಸನ್ನು ನೆಲಕ್ಕೆ ಕೆಡವಿ, ಮಂಡಿಯಿಂದ ಅದುಮಿ, ಕೂದಲು ಹಿಡಿದು ತಲೆಯನ್ನು ಹಿಂದಕ್ಕೆ ಎಳೆಯುತ್ತಿದ್ದಾನೆ; ಅವಳ ಉಡುಪು ಹೆಗಲಿನಿಂದ ಜಾರಿದೆ. ಅವಳ ಹೆಸರನ್ನು ಗ್ರೀಕ್ ಅಕ್ಷರಗಳಲ್ಲಿ ಬ್ರೆಟಾನಿಯಾ ಎಂದೇ ಕೊರೆದಿದ್ದಾರೆ. ಸೋತ ನಾಡಿಗೆ ಗೆದ್ದವನು ಕೊಟ್ಟ ರೂಪ ಅದು. ಅನಂತರ ಹೇಡ್ರಿಯನ್‌ನ ನಾಣ್ಯಗಳಲ್ಲಿ ಅವಳು ಈಟಿ, ಗುರಾಣಿಗಳೊಡನೆ ಕುಳಿತಳು. ಶತಮಾನಗಳ ಮೇಲೆ, 1672ರಲ್ಲಿ, ಎರಡನೆಯ ಚಾರ್ಲ್ಸ್ ದೊರೆಯ ತಾಮ್ರದ ನಾಣ್ಯಗಳಿಗಾಗಿ ಆ ರೋಮನ್ ಚಿತ್ರವನ್ನೇ ಎತ್ತಿಕೊಂಡರು. ನೌಕಾಬಲದ ಹೆಮ್ಮೆ ಏರಿದ್ದ 1797ರಲ್ಲಿ ಈಟಿಯ ಜಾಗಕ್ಕೆ ಸಮುದ್ರದೇವತೆಯ ತ್ರಿಶೂಲ ಬಂದಿತು. ತನ್ನನ್ನು ಗೆದ್ದವರು ಬರೆದ ಚಿತ್ರವನ್ನೇ ಧರಿಸಿಕೊಂಡು ಒಂದು ದೇಶವು ಉಳಿದವರನ್ನು ಗೆಲ್ಲಲು ಹೊರಟ ಈ ಸಂಗತಿಯು, ನನ್ನ ಮಟ್ಟಿಗೆ, ಹತ್ತು ಪಠ್ಯಪುಸ್ತಕಗಳಿಗಿಂತ ಹೆಚ್ಚು ಹೇಳುತ್ತದೆ.

ಈಗ ಹೆಟಾಲಿಯಾಕ್ಕೆ ಬರೋಣ. ಹಿದೆಕಾಜ್ ಹಿಮಾರುಯ ಅವರ ಈ ವ್ಯಂಗ್ಯಚಿತ್ರಗಳು ದೇಶಗಳ ಕುರಿತು ಬಳಕೆಯಲ್ಲಿರುವ ಹಾಸ್ಯಗಳನ್ನೇ ಸ್ವಭಾವಗಳನ್ನಾಗಿ ಮಾಡಿಕೊಂಡಿವೆ: ಇಟಲಿಯವನು ಪುಕ್ಕಲ, ಜರ್ಮನಿಯವನು ಶಿಸ್ತಿನ ಮೂರ್ತಿ, ಜಪಾನಿನವನು ಮಿತಭಾಷಿ. ಇದರಿಂದ ಯುವ ಓದುಗರಲ್ಲಿ ಕುತೂಹಲ ಹುಟ್ಟಿ ಅವರು ಗ್ರಂಥಾಲಯಕ್ಕೆ ಹೋದರೆ ಒಳ್ಳೆಯದೇ. ಆದರೆ ದೇಶಕ್ಕೆ ಒಬ್ಬ ಮನುಷ್ಯನ ದೇಹ ಕೊಟ್ಟ ಕೂಡಲೇ ಅದಕ್ಕೆ ಒಂದೇ ಮನಸ್ಸು ಬಂದುಬಿಡುತ್ತದೆ. ಆಕ್ರಮಣಗಳು ಸಿಡುಕುತನವಾಗಿಯೂ ಒಪ್ಪಂದಗಳು ಗೆಳೆತನವಾಗಿಯೂ ಕಾಣತೊಡಗುತ್ತವೆ; ಎರಡನೆಯ ಮಹಾಯುದ್ಧದ ನರಮೇಧಗಳಿಗೆ ಅಂಥ ಹಾಸ್ಯದಲ್ಲಿ ಜಾಗವೇ ಇರುವುದಿಲ್ಲ. 2009ರ ಜನವರಿಯಲ್ಲಿ, ಕೊರಿಯಾದ ಪಾತ್ರವನ್ನು ಚಿತ್ರಿಸಿದ ರೀತಿಗೆ ದಕ್ಷಿಣ ಕೊರಿಯಾದಲ್ಲಿ ತೀವ್ರ ವಿರೋಧ ಬಂದಿತು, ಜಪಾನಿನ ಕಿಡ್ಸ್ ಸ್ಟೇಷನ್ ವಾಹಿನಿಯು ಸರಣಿಯ ಪ್ರಸಾರವನ್ನು ಕೈಬಿಟ್ಟಿತು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿ ನರಳಿದವರಿಗೆ ಆ ಸಂಬಂಧವು ಇಬ್ಬರು ಹುಡುಗರ ಕೀಟಲೆಯಂತೆ ಕಂಡಾಗ ನಗು ಬರದಿರುವುದು ಸಹಜ. ನಿಮ್ಮ ಸಹಪಾಠಿಗಳಿಗೆ ಆ ವಿರೋಧದ ಕಥೆಯನ್ನೂ ಓದಲು ಹೇಳಿ. ಸರಣಿಗಿಂತ ಹೆಚ್ಚಿನ ಚರಿತ್ರೆ ಅದರಲ್ಲಿದೆ.

ಪ್ರಶ್ನೆ: ದೇಶವೆಂದರೆ ಎಲ್ಲೆಡೆ ಹೆಣ್ಣೇ ಏಕೆ? ನಮ್ಮ ಭಾರತಮಾತೆಯೂ ಬ್ರಿಟಾನಿಯಾಳ ಅನುಕರಣೆಯೇ?
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಎಲ್ಲೆಡೆ ಹೆಣ್ಣಲ್ಲ, ಜಾನ್ ಬುಲ್, ಅಮೆರಿಕದ ಅಂಕಲ್ ಸ್ಯಾಮ್ ಗಂಡಸರು. ಆದರೆ ಆದರ್ಶವನ್ನು ಪೀಠದ ಮೇಲೆ ಕೂರಿಸಬೇಕಾದಾಗ ಹೆಣ್ಣನ್ನು, ತೆರಿಗೆ ಕಟ್ಟುವ ಅಥವಾ ಸೈನ್ಯಕ್ಕೆ ಕರೆಯುವ ವ್ಯಕ್ತಿ ಬೇಕಾದಾಗ ಗಂಡನ್ನು ಆರಿಸಿಕೊಂಡದ್ದು ಹೆಚ್ಚು. ಫ್ರಾನ್ಸಿನಲ್ಲಿ 1792ರಲ್ಲಿ ಅರಸೊತ್ತಿಗೆ ಹೋದಾಗ ರಾಜಮುದ್ರೆಯಲ್ಲಿದ್ದ ರಾಜನ ಸ್ಥಾನದಲ್ಲಿ ಸ್ವಾತಂತ್ರ್ಯದ ಟೊಪ್ಪಿಗೆಯೊಡನೆ ಒಬ್ಬ ಹೆಂಗಸು ನಿಂತಳು. ಅವಳೇ ಮುಂದೆ ಮರಿಯಾನ್ ಎನಿಸಿದಳು. ಗಣರಾಜ್ಯಕ್ಕೆ ಹೆಣ್ಣಿನ ಮುಖ ಕೊಟ್ಟ ಫ್ರಾನ್ಸ್ ತನ್ನ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಟ್ಟದ್ದು 1944ರಲ್ಲಿ. ಆ ಟೊಪ್ಪಿಗೆಯೂ ವಿವಾದದ್ದೇ: ಅದರಲ್ಲಿ ಕ್ರಾಂತಿಯ ರಕ್ತವನ್ನು ಕಂಡು ಅಂಜಿದವರು 1848ರ ಮುದ್ರೆಯಲ್ಲಿ ಸೂರ್ಯಕಿರಣಗಳ ಕಿರೀಟ ತೊಡಿಸಿದರು. 1940ರ ಬಳಿಕ, ನಾಜಿಗಳೊಡನೆ ಕೈಜೋಡಿಸಿದ ವಿಷಿ ಆಡಳಿತದಲ್ಲಿ ಪುರಭವನಗಳಿಂದ ಮರಿಯಾನ್‌ಳ ಪ್ರತಿಮೆಗಳನ್ನು ತೆಗೆದು ಆ ಆಡಳಿತದ ಮುಖ್ಯಸ್ಥನಾದ ಮಾರ್ಷಲ್ ಪೆಟಾನ್‌ನ ಪ್ರತಿಮೆಗಳನ್ನು ಇರಿಸಿದರು.

ಭಾರತಮಾತೆಯ ವಿಷಯದಲ್ಲಿ ಅನುಕರಣೆಯೆಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನ್ಯಾಯವೂ ಅಲ್ಲ. ಅವನೀಂದ್ರನಾಥ ಠಾಕೂರರು ಬಂಗಾಳ ವಿಭಜನೆಯ 1905ರಲ್ಲಿ ಬರೆದ ಜಲವರ್ಣದ ಚಿತ್ರವನ್ನು ಹತ್ತಿರದಿಂದ ನೋಡಿ: ಕಾವಿಯುಟ್ಟ ಯುವತಿ, ನಾಲ್ಕು ಕೈ, ತಲೆಯ ಸುತ್ತ ಪ್ರಭಾವಳಿ. ಕೈಗಳಲ್ಲಿರುವುದು ಪುಸ್ತಕ, ಭತ್ತದ ತೆನೆ, ಬಿಳಿಯ ಬಟ್ಟೆ, ಜಪಮಾಲೆ, ಒಂದರಲ್ಲೂ ಆಯುಧವಿಲ್ಲ. ವಿದೇಶಿ ಬಟ್ಟೆಯ ಬಹಿಷ್ಕಾರ ನಡೆಯುತ್ತಿದ್ದ ಕಾಲದಲ್ಲಿ ಆ ಬಟ್ಟೆಯ ತುಂಡು ಯಾವ ಖಡ್ಗಕ್ಕೂ ಕಡಿಮೆಯದಾಗಿರಲಿಲ್ಲ. ಹಿನ್ನೆಲೆಯ ಮಬ್ಬು ಬಣ್ಣವಂತೂ ಕಲ್ಕತ್ತೆಗೆ ಬಂದಿದ್ದ ಜಪಾನೀ ಕಲಾವಿದರಿಂದ ಕಲಿತದ್ದು. ಮೊದಲು ವಂಗಮಾತೆಯಾಗಿದ್ದ ಈ ಚಿತ್ರ ಬಳಿಕ ಭಾರತಮಾತೆಯಾಯಿತು. ಮುಂದೆ ಅಚ್ಚಾದ ಕ್ಯಾಲೆಂಡರ್ ಚಿತ್ರಗಳಲ್ಲಿ ಸಿಂಹವೂ ಧ್ವಜವೂ ಭೂಪಟವೂ ಸೇರಿಕೊಂಡವು, ತೆನೆ ಮತ್ತು ಪುಸ್ತಕ ಮರೆಯಾಗುತ್ತ ಹೋದವು. ಈ ಬದಲಾವಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಾಶಿಯಲ್ಲಿ 1936ರಲ್ಲಿ ಗಾಂಧೀಜಿಯವರು ಉದ್ಘಾಟಿಸಿದ ಭಾರತಮಾತಾ ಮಂದಿರದಲ್ಲಿ ವಿಗ್ರಹದ ಬದಲು ಬೆಟ್ಟ, ನದಿ, ಬಯಲುಗಳನ್ನು ಕೊರೆದ ಅಮೃತಶಿಲೆಯ ಭೂಪಟವಿದೆ. ಭಾರತಮಾತೆಯೆಂದರೆ ಈ ನೆಲದ ಜನರೇ ಎಂದು ನೆಹರೂ ಅವರು ರೈತರ ಸಭೆಗಳಲ್ಲಿ ವಿವರಿಸುತ್ತಿದ್ದರು.

ಪ್ರಶ್ನೆ: ನಾಡಗೀತೆಯು ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕರೆಯುವುದು ನಾಡನ್ನು ಕಿರಿದಾಗಿಸಿದಂತೆ ಅಲ್ಲವೇ?
– ಓದುಗರು, ದುಬೈ

ಉತ್ತರ: ಹಾಗೆ ಅನ್ನಿಸುವುದಿಲ್ಲ. ಕುವೆಂಪು ಅವರು ಒಂದೇ ಉಸಿರಿನಲ್ಲಿ ‘ತನುಜಾತೆ’ ಎಂದೂ ‘ಮಾತೆ’ ಎಂದೂ ಕರೆದರು. ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದ ಕಾಲದಲ್ಲಿ, ಏಕೀಕರಣದ ಬಯಕೆಯು ದೇಶದ ಸ್ವಾತಂತ್ರ್ಯಕ್ಕೆ ಎದುರಲ್ಲವೆಂದು ತೋರಿಸುವ ಅಗತ್ಯವಿತ್ತು. ತಾಯಿಮಗಳ ಸಂಬಂಧ ಅದನ್ನು ಸಾಧಿಸಿತು. ಅರ್ಬತ್‌ನಾಟರ ಪೆಗ್‌ಳಂತೆ ಈ ಮಗಳು ಅಟ್ಟದ ಮೇಲೆ ಬಿದ್ದಿಲ್ಲ. ಇನ್ನೊಂದನ್ನು ಗಮನಿಸಿ: ಈ ತಾಯಿಯ ಮುಖ, ಕೈ, ಆಭರಣಗಳ ವರ್ಣನೆಗಿಂತ ಪಂಪ, ರನ್ನ, ಜನ್ನ, ಬಸವೇಶ್ವರ, ರಾಮಾನುಜರೆಂಬ ಹೆಸರುಗಳೇ ಹಾಡನ್ನು ತುಂಬಿವೆ. ಆದ್ದರಿಂದ 2004ರಲ್ಲಿ ಅದು ನಾಡಗೀತೆಯಾದ ಹೊತ್ತಿನಲ್ಲಿ ಇಲ್ಲಿ ಚರ್ಚೆ ಎದ್ದದ್ದು ಟೊಪ್ಪಿಗೆಯ ಬಗ್ಗೆಯಾಗಲೀ ತ್ರಿಶೂಲದ ಬಗ್ಗೆಯಾಗಲೀ ಅಲ್ಲ, ಆ ಸಾಲಿನಲ್ಲಿ ಮಧ್ವಾಚಾರ್ಯರ ಹೆಸರು ಇರಬೇಕೇ ಎಂಬುದರ ಬಗ್ಗೆ.