ವಾದ ಮಂಡಿಸುವ ಪ್ರಬಂಧಕ್ಕೆ ಯಾವ ಪದಗಳು ಬೇಕು?

ಓದಿದವರು ಒಪ್ಪುವ ಹಾಗೆ ಪ್ರಬಂಧ ಬರೆಯಬೇಕು, ಅದಕ್ಕೆ ತೂಕದ ಪದಗಳ ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ಪದಗಳನ್ನು ಹೇಳುತ್ತೇನೆ, ಆದರೆ ನೀವು ಅಂದುಕೊಂಡಿರುವಂಥವು ಅಲ್ಲ. 'ನಿಸ್ಸಂದೇಹವಾಗಿ', 'ಖಂಡಿತವಾಗಿಯೂ', 'ಅತ್ಯಂತ', 'ಎಲ್ಲರಿಗೂ ತಿಳಿದಿರುವಂತೆ' ಇವನ್ನೆಲ್ಲ ಮೊದಲು ಪಕ್ಕಕ್ಕಿಡಿ. ಎಲ್ಲರಿಗೂ ತಿಳಿದಿದ್ದರೆ ಪ್ರಬಂಧ ಯಾಕೆ ಬೇಕು, ಅಲ್ವಾ? ನಾನು ವಿದ್ಯಾರ್ಥಿಗಳ ಪ್ರಬಂಧ ತಿದ್ದುತ್ತಿರುತ್ತೇನೆ. ಕಾರಣ ಕೊಡಲು ಆಗದ ಕಡೆಯಲ್ಲೇ ಇಂಥ ಪದಗಳು ಜಾಸ್ತಿ ಬಂದು ಕೂತಿರುತ್ತವೆ.

ನಿಜವಾಗಿ ಕೆಲಸ ಮಾಡುವುದು ಸಣ್ಣ ಪದಗಳು. ಅದರಲ್ಲೂ ಎದುರಿನವರ ಮಾತನ್ನು ಒಪ್ಪಿಕೊಂಡು ಮುಂದೆ ಹೋಗುವ ಪದಗಳು: 'ನಿಜ', 'ಒಪ್ಪೋಣ', 'ಹಾಗೆಂದ ಮಾತ್ರಕ್ಕೆ', 'ಹಾಗಿದ್ದರೂ', 'ಒಂದು ವೇಳೆ'. ಒಂದು ಉದಾಹರಣೆ ನೋಡಿ.

"ಶಾಲೆಗೆ ಮೊಬೈಲ್ ತರುವುದನ್ನು ಖಂಡಿತವಾಗಿಯೂ ನಿಷೇಧಿಸಲೇಬೇಕು, ಏಕೆಂದರೆ ಅದು ಅತ್ಯಂತ ಅಪಾಯಕಾರಿ."

ಇದನ್ನೇ ಹೀಗೆ ಬರೆದರೆ?

"ದೂರದಿಂದ ಬರುವ ಮಕ್ಕಳ ಕೈಯಲ್ಲಿ ಮೊಬೈಲ್ ಇದ್ದರೆ ಹೆತ್ತವರಿಗೆ ಧೈರ್ಯ, ನಿಜ. ಹಾಗೆಂದ ಮಾತ್ರಕ್ಕೆ ಪಾಠ ನಡೆಯುವಾಗಲೂ ಅದು ಕೈಯಲ್ಲೇ ಇರಬೇಕಾಗಿಲ್ಲ. ಬೆಳಿಗ್ಗೆ ಶಾಲೆಯಲ್ಲಿ ಕೊಟ್ಟು, ಸಂಜೆ ವಾಪಸ್ ತೆಗೆದುಕೊಂಡರೆ ಸಾಕು."

ಎರಡನೆಯದರಲ್ಲಿ ಒಂದೂ ಜೋರಿನ ಪದ ಇಲ್ಲ. ಆದರೂ ಮೊಬೈಲ್ ಬೇಕು ಅನ್ನುವ ಅಪ್ಪ ಅಮ್ಮ ಕೂಡ ಕೊನೆಯವರೆಗೆ ಓದುತ್ತಾರೆ, ಯಾಕೆಂದರೆ ಅವರ ಮಾತು ಮೊದಲ ಸಾಲಿನಲ್ಲೇ ಬಂದುಬಿಟ್ಟಿದೆ. ಇದೇನು ಹೊಸದಲ್ಲ. ಎದುರಿನವರ ಮಾತನ್ನು ಮೊದಲು ಹೇಳುವುದಕ್ಕೆ ನಮ್ಮ ಹಳೆಯ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಅನ್ನುತ್ತಾರೆ, ಅದಕ್ಕೆ ಉತ್ತರ ಕೊಟ್ಟ ಮೇಲೆ ನಿಲ್ಲಿಸುವ ನಮ್ಮ ಮಾತು ಸಿದ್ಧಾಂತ. ತರ್ಕದ ಹಳೆಯ ಗ್ರಂಥವಾದ ನ್ಯಾಯಸೂತ್ರದಲ್ಲಿ ಚರ್ಚೆಯನ್ನೇ ಮೂರು ಬಗೆ ಮಾಡಿದ್ದಾರೆ: ನಿಜ ತಿಳಿಯಲು ಮಾಡುವುದು ವಾದ, ಹೇಗಾದರೂ ಗೆಲ್ಲಲು ಮಾಡುವುದು ಜಲ್ಪ, ತನ್ನದು ಅಂತ ಏನೂ ಹೇಳದೆ ಎದುರಿನವರದ್ದನ್ನು ಬರೀ ಕೆಡವುವುದು ವಿತಂಡ. (ಸಿಟ್ಟು ಬಂದಾಗ 'ವಿತಂಡವಾದ ಮಾಡಬೇಡ' ಅಂತೀವಲ್ಲ, ಅದೇ.)

ಇನ್ನೊಂದು ವಿಷಯ, ಇದನ್ನು ಯಾರೂ ಪಟ್ಟಿಯಲ್ಲಿ ಹಾಕುವುದಿಲ್ಲ. ಕನ್ನಡದಲ್ಲಿ ಒತ್ತು ಕೊಡಲು ಬೇರೆ ಪದವೇ ಬೇಡ, ಕೊನೆಗೊಂದು 'ಏ' ಅಥವಾ 'ಊ' ಸೇರಿಸಿದರೆ ಆಯಿತು. 'ಮಕ್ಕಳು ಓದುವುದಿಲ್ಲ' ಅನ್ನುವುದು ಒಂದು ದೂರು. 'ಮಕ್ಕಳು ಓದುವುದೇ ಇಲ್ಲ' ಅಂದ ತಕ್ಷಣ, ಓದುವ ಒಂದೇ ಒಂದು ಮಗುವನ್ನು ತೋರಿಸಿ ನಿಮ್ಮ ಇಡೀ ವಾದ ಕೆಡವಬಹುದು. ಹಾಗಾಗಿ 'ಏ' ಹಾಕುವ ಮೊದಲು ಅಷ್ಟು ಭಾರ ಹೊರಲು ಸಾಕ್ಷಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ 'ಬಹುತೇಕ', 'ಸಾಮಾನ್ಯವಾಗಿ', 'ಹಲವರು' ಇವೆ. ಇವು ಪುಕ್ಕಲು ಪದಗಳು ಅಂತ ಕೆಲವರು ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಇವೇ ಜಾಣ ಪದಗಳು.

ಸಾಕ್ಷಿ ಕೊಡುವಾಗ ಕ್ರಿಯಾಪದ ನೋಡಿಕೊಂಡು ಹಾಕಿ. ಒಂದು ಸಮೀಕ್ಷೆ ಏನನ್ನೋ 'ಸೂಚಿಸುತ್ತದೆ' ಅಂದರೆ ಅನುಮಾನಕ್ಕೆ ಜಾಗ ಉಳಿದಿದೆ, 'ತೋರಿಸುತ್ತದೆ' ಅಂದರೆ ಕಡಿಮೆ ಉಳಿದಿದೆ, 'ಸಾಬೀತುಪಡಿಸುತ್ತದೆ' ಅಂದರೆ ಉಳಿದೇ ಇಲ್ಲ. ಹಾಗೇ 'ಆದ್ದರಿಂದ' ಅನ್ನುವುದನ್ನು ಸುಮ್ನೆ ವಾಕ್ಯ ಜೋಡಿಸಲು ಬಳಸಬೇಡಿ, ಒಂದಾದ ಮೇಲೆ ಒಂದು ನಡೆದರೆ 'ಆಮೇಲೆ' ಸಾಕು. ಹೆಸರಿಡುವುದರಲ್ಲೂ ಹುಷಾರು: ಅದೇ ಹಣವನ್ನು ಒಬ್ಬರು 'ನೆರವು' ಅಂತಾರೆ, ಇನ್ನೊಬ್ಬರು 'ಬಿಟ್ಟಿ ದುಡ್ಡು' ಅಂತಾರೆ. ಎರಡನೆಯದನ್ನು ಬರೆದರೆ ನಿಮ್ಮ ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ ಸರಿ, ಆದರೆ ನೀವು ಒಪ್ಪಿಸಬೇಕಾಗಿದ್ದವರು ಅಲ್ಲಿಗೇ ಎದ್ದು ಹೋಗಿರುತ್ತಾರೆ.

ಕೊನೆಯ ಪ್ಯಾರಾದಲ್ಲಿ 'ಸೂಕ್ತ ಕ್ರಮ ಕೈಗೊಳ್ಳಬೇಕಾಗಿದೆ' ಅಂತ ಬರೆಯುವ ಚಟ ಇದ್ದರೆ ಬಿಟ್ಟುಬಿಡಿ. ಯಾರು ಕೈಗೊಳ್ಳಬೇಕು, ಯಾವ ಕ್ರಮ, ಯಾವಾಗ? 'ಮುಂದಿನ ವರ್ಷದಿಂದ ಪ್ರತಿ ತರಗತಿಗೂ ವಾರಕ್ಕೊಂದು ಗ್ರಂಥಾಲಯದ ಅವಧಿಯನ್ನು ಶಾಲೆ ಇಡಬೇಕು' ಅಂತ ಬರೆದರೆ ಓದಿದವರು ಹೂಂ ಅನ್ನಬಹುದು ಅಥವಾ ಬೇಡ ಅನ್ನಬಹುದು, ಏನೋ ಒಂದು ಹೇಳಲೇಬೇಕಾಗುತ್ತದೆ.