ಮಾಳಿಗೆ ಮನೆ ಕೆಡವಿದರೆ ಎತ್ತು ಎಲ್ಲಿ ಕಟ್ಟೋದು?

ಪ್ರಶ್ನೆ: ನಮ್ಮದು ಮಲಪ್ರಭೆ ದಂಡೆಯ ಹಳ್ಳಿ. ಅಜ್ಜನ ಕಾಲದ ಮಾಳಿಗೆ ಮನೆ, ಅಂದರೆ ಮೇಲೆ ಮಣ್ಣು ಹಾಕಿದ ಚಪ್ಪಟೆ ಛಾವಣಿಯದು. ಕಳೆದ ಮಳೆಗೆ ಹಿಂದಿನ ಗೋಡೆ ಕುಸಿಯಿತು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಪಟ್ಟಿಯಲ್ಲಿ ಹೆಸರು ಬಂದಿದೆ. ಗುತ್ತಿಗೆದಾರರೊಬ್ಬರು, ‘ಹಣ ನನಗೆ ಕೊಡಿ, ಪೂರ್ತಿ ಕೆಡವಿ ಸ್ಲ್ಯಾಬ್ ಮನೆ ಕಟ್ಟಿಸಿಕೊಡ್ತೀನಿ’ ಅಂತಾರೆ. ಅತ್ತೆ ಒಪ್ಪುತ್ತಿಲ್ಲ. ಎರಡು ಎತ್ತು, ಒಂದು ಎಮ್ಮೆ ಇವೆ. ಏನು ಮಾಡಲಿ?
– ಓದುಗರು, ಬಾದಾಮಿ ತಾಲ್ಲೂಕು

ಉತ್ತರ: ತಂಗೀ, ಮೊದಲು ಹಣದ ಮಾತು. ಬಯಲು ಸೀಮೆಗೆ ಈ ಯೋಜನೆಯಲ್ಲಿ 1.20 ಲಕ್ಷ ರೂಪಾಯಿ. ಕೆಲಸ ಮುಂದುವರಿದ ಹಾಗೆ ಕಂತು ಕಂತಾಗಿ ನಿಮ್ಮ ಖಾತೆಗೇ ಬರುತ್ತದೆ. ಗುತ್ತಿಗೆದಾರರಿಗೆ ವಹಿಸುವ ಹಾಗಿಲ್ಲ ಅಂತ ನಿಯಮವೇ ಇದೆ. ಒಂದು ರೂಪಾಯಿಯನ್ನೂ ಅವರ ಕೈಗೆ ಕೊಡಬೇಡಿ.

2009ರ ಸೆಪ್ಟೆಂಬರ್ ಕೊನೆಯ ಮಳೆಗೆ ನಮ್ಮ ಮನೆಯೂ ಬಿತ್ತು. ಹೊಳೆ ಬಂದು ಕೆಡವಲಿಲ್ಲ. ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ, ತೇವಕ್ಕೆ ಬೆಲ್ಲದ ಅಚ್ಚು ಕರಗಿದ ಹಾಗೆ ಬುಡದಿಂದ ಕೂತುಬಿಟ್ಟಿತು. ಮೇಲಿನ ಭಾರವೂ ಜಾಸ್ತಿ ಇತ್ತು. ಮಾಳಿಗೆ ಸೋರದಿರಲಿ ಅಂತ ಪ್ರತಿ ವರ್ಷ ಮಳೆಗೆ ಮುಂಚೆ ಹಳೇ ಮಣ್ಣಿನ ಮೇಲೇ ಚೌಳು ಮಣ್ಣು ಹಾಕುತ್ತಿದ್ದೆವು. ಬಿದ್ದ ಮೇಲೆ ಅಪ್ಪ ಅಳೆದರೆ ಮಣ್ಣು ಮೊಳದ ಮೇಲಿತ್ತು! 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಇಂಥದ್ದೇ ಕಲ್ಲುಗೋಡೆ, ಮಣ್ಣಿನ ಭಾರದ ಕೆಳಗೆ. ಹಾಗಾಗಿ ಉಳಿದ ಮಾಳಿಗೆಯ ಹಳೇ ಮಣ್ಣನ್ನು ಮೊದಲು ಕೆರೆದು ಇಳಿಸಿ. ಇದನ್ನು ಮುಂದೂಡಬೇಡಿ.

ಆದರೆ ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. 2009ರ ಆ ಮಳೆ, ನೆರೆ ಆದ ಮೇಲೆ ಸಂತ್ರಸ್ತರಿಗೆ ಮನೆ ಕೊಡುವ ಸರ್ಕಾರದ ಆಸರೆ ಯೋಜನೆಯಲ್ಲಿ ನಮ್ಮ ಚಿಕ್ಕಪ್ಪನಿಗೆ ಬೇರೆ ಜಾಗದಲ್ಲಿ ಮನೆ ಸಿಕ್ಕಿತು. ಮನೆ ಗಟ್ಟಿಯೇ ಇತ್ತು. ದನ ಕಟ್ಟಿ ಮೇವು ಹಾಕುವ ಗೋದಲಿಗೆ ಮಾತ್ರ ಜಾಗ ಇರಲಿಲ್ಲ, ಮೇವಿನ ಬಣವಿ ಒಟ್ಟೋಕೂ ಇರಲಿಲ್ಲ. ಹೊಲ ದೂರ ಆಯಿತು. ಒಂದೇ ವರ್ಷ ನೋಡಿ, ಎಮ್ಮೆ ಹೊಡೆದುಕೊಂಡು ಹಳೇ ಊರಿಗೆ ವಾಪಸ್ ಬಂದರು. ನನಗೆ ಇವತ್ತಿಗೂ ಅದು ಸಂಕಟ. ದನ ಎಲ್ಲಿ ಕಟ್ಟುತ್ತೀರಿ ಅಂತ ಒಬ್ಬರಾದರೂ ಕೇಳಬಾರದಿತ್ತಾ?

ನಿಮ್ಮ ಮನೆಯೊಳಗೇ ಹೊಳೆ ನೀರು ನುಗ್ಗುತ್ತದೆ ಅನ್ನುವುದಾದರೆ ಎತ್ತರದ ಜಾಗವನ್ನೇ ನೋಡಿ. ಇಲ್ಲವಾದರೆ, ಗೋದಲಿ ಇರುವ ಮುಂಭಾಗ ಗಟ್ಟಿ ಇದೆಯಾ ಅಂತ ಒಳ್ಳೆ ಗೌಂಡಿಗೆ ತೋರಿಸಿ, ಅದನ್ನು ಉಳಿಸಿಕೊಳ್ಳಿ. ಬಿದ್ದ ಕಡೆ ಹೊಸದು ಕಟ್ಟಿ. ಯೋಜನೆಗೆ ಕನಿಷ್ಠ 25 ಚದರ ಮೀಟರ್ ಬೇಕು, ಅಂದರೆ ಸುಮಾರು 270 ಚದರ ಅಡಿ, ಅಡುಗೆಮನೆಯೂ ಸೇರಿ. ಹೀಗೆ ಕಟ್ಟುವುದಾಗಿ ಪಂಚಾಯಿತಿಯಲ್ಲಿ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಬಿದ್ದ ಗೋಡೆಯ ಕಲ್ಲನ್ನು ಬುನಾದಿಗೆ ಬಳಸಿ. ಅಲ್ಲಿ ಮಾತ್ರ ಸಿಮೆಂಟಿಗೆ ಜಿಪುಣತನ ಬೇಡ.

ಕಲ್ಲು ಹೊರೋಕೆ ಸುಮ್ನೆ ಕೂಲಿ ಕೊಡಬೇಡಿ, ಮುಯ್ಯಾಳು ಕೇಳಿ. ನಮ್ಮ ಮನೆಗೆ ಓಣಿಯ ಹದಿನಾರು ಜನ ಬಂದಿದ್ದರು. ಅವ್ವ ರೊಟ್ಟಿ, ಝುಣಕ ಮಾಡಿ ಬಡಿಸಿದಳು. ಸುಗ್ಗಿಯಲ್ಲಿ ನಾವು ಒಬ್ಬೊಬ್ಬರ ಹೊಲಕ್ಕೂ ಹೋಗಿ ಮುಯ್ಯಿ ತೀರಿಸಿದೆವು. ನೀವೂ ಹಿಂಗಾರಿ ಬಿತ್ತನೆ ಮುಗಿದ ಮೇಲೆ ಕೇಳಿ, ಆಗ ಜನ ಸ್ವಲ್ಪ ಬಿಡುವಾಗಿರುತ್ತಾರೆ.