ಮೂರರಲ್ಲಿ ಎರಡೇ ಮೋಟರ್ ಹೊತ್ತಿಕೊಂಡರೆ

ಪ್ರಶ್ನೆ: ನಾವು ಕಾರವಾರದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡ. 4 ಕೆ.ಜಿ. ತೂಗುವ ನಮ್ಮ ರಾಕೆಟ್‌ಗೆ 29 ಮಿ.ಮೀ. ವ್ಯಾಸದ, ಎಚ್ ದರ್ಜೆಯ (ಮೋಟರ್ ಕೊಡುವ ಒಟ್ಟು ತಳ್ಳುವಿಕೆಯನ್ನು ಸೂಚಿಸುವ ಅಕ್ಷರ) ಮೂರು ಕಾಂಪೋಸಿಟ್ (ರಬ್ಬರಿನಂಥ ಘನ ಇಂಧನದ) ಮೋಟರ್‌ಗಳು. ಒಂದೊಂದರ ಸರಾಸರಿ ತಳ್ಳುಬಲ ಸುಮಾರು 100 ನ್ಯೂಟನ್. ಜಿಲ್ಲೆಯ ಹೊರಗೆ, ಅನುಮತಿ ಇದ್ದ ಬಯಲಿನಲ್ಲಿ ಹಾರಿಸಿದಾಗ ಎರಡೇ ಹೊತ್ತಿಕೊಂಡವು, ರಾಕೆಟ್ ಓರೆಯಾಗಿ ಹೋಯಿತು. ಮೋಟರ್ ಹೊತ್ತಿಸುವ ವಿದ್ಯುತ್ ಬತ್ತಿಗಳಾದ ಇಗ್ನೈಟರ್‌ಗಳನ್ನು ಸಮಾಂತರವಾಗಿಯೇ ಜೋಡಿಸಿದ್ದೆವು. ಯುಪಿಎಸ್‌ನ 12 ವೋಲ್ಟ್, 7 ಎಎಚ್ ಬ್ಯಾಟರಿ ನಮ್ಮ ಕೈಯ ಬಳಿ ಇತ್ತು. ಅಲ್ಲಿಂದ 30 ಮೀಟರ್ ದೂರದ ಉಡಾವಣಾ ಪ್ಯಾಡ್‌ಗೆ ಅರ್ಧ ಎಂಎಂ (ಅಡ್ಡಕೊಯ್ತ 0.5 ಚದರ ಮಿ.ಮೀ.) ವೈರ್ ಎಳೆದಿದ್ದೆವು. ಉರಿಯದೆ ಉಳಿದ ಇಗ್ನೈಟರ್ ಮೀಟರ್‌ನಲ್ಲಿ ಈಗಲೂ 1.5 ಓಮ್ ತೋರಿಸುತ್ತಿದೆ. ಹಾಗಾದರೆ ತಪ್ಪಿದ್ದೆಲ್ಲಿ?

ಉತ್ತರ: ತಪ್ಪಿದ್ದು ಆ ಇಗ್ನೈಟರ್‌ನಲ್ಲಿ ಅಲ್ಲ. ಅದರ ಪಾಲಿನ ಕರೆಂಟನ್ನು ಪಕ್ಕದ ಇಗ್ನೈಟರ್ ಕಸಿದುಕೊಂಡಿದೆ.

ಸಮಾಂತರ ಜೋಡಣೆ ಸರಿಯಾದದ್ದೇ. ಸರಣಿಯಲ್ಲಿ ಜೋಡಿಸಿದ್ದರೆ ಮೊದಲು ಉರಿದ ಇಗ್ನೈಟರ್‌ನ ತಂತಿ ಕಡಿದ ಕ್ಷಣವೇ ಉಳಿದವುಗಳ ದಾರಿ ಮುಚ್ಚುತ್ತಿತ್ತು. ಆದರೆ ಸಮಾಂತರದಲ್ಲೂ ಒಂದು ಹೊಂಚು ಇದೆ. ಉರಿದ ಇಗ್ನೈಟರ್‌ನ ತಂತಿ ಯಾವಾಗಲೂ ಕಡಿದೇ ಹೋಗಬೇಕೆಂದಿಲ್ಲ. ಕರಗಿದ ತುದಿಗಳು ಒಂದಕ್ಕೊಂದು ತಾಗಿ, ಅಥವಾ ಬರಿದಾದ ಲೀಡ್‌ಗಳು ನಾಝಲ್ (ಮೋಟರಿನ ಬೆಂಕಿ ಹೊರಬರುವ ತೂತು) ಬಾಯಲ್ಲಿ ಕೂಡಿಕೊಂಡು ಶಾರ್ಟ್ ಆಗುವುದು ಸಾಮಾನ್ಯ.

ನಿಮ್ಮದೇ ಲೆಕ್ಕ ಹಾಕೋಣ. ಅರ್ಧ ಎಂಎಂ ತಾಮ್ರದ ವೈರ್‌ಗೆ ಕಿಲೋಮೀಟರಿಗೆ ಸುಮಾರು 39 ಓಮ್ ರೋಧ. ಹೋಗಿ ಬರುವ ದಾರಿ 60 ಮೀಟರ್, ಅಂದರೆ 2.34 ಓಮ್. ಬ್ಯಾಟರಿ, ಸ್ವಿಚ್, ಕ್ಲಿಪ್ ಎಲ್ಲ ಸೇರಿ 0.1 ಓಮ್ ಎನ್ನೋಣ. 1.5 ಓಮ್‌ನ ಮೂರು ಇಗ್ನೈಟರ್ ಸಮಾಂತರದಲ್ಲಿ 0.5 ಓಮ್. ತುಂಬಿದ ಬ್ಯಾಟರಿಯ 12.6 ವೋಲ್ಟಿಗೆ ಒಟ್ಟು 4.3 ಆಂಪಿಯರ್ ಹರಿಯುತ್ತದೆ, ಒಂದೊಂದಕ್ಕೆ 1.4. ಇಷ್ಟಕ್ಕೆ ಇಗ್ನೈಟರ್ ಉರಿಯುತ್ತದೆ. ಆದರೆ ಮೊದಲನೆಯದು ಉರಿದು 0.05 ಓಮ್‌ನ ಶಾರ್ಟ್ ಆಯಿತೆನ್ನಿ: 12.6 ವೋಲ್ಟಿನಲ್ಲಿ ಬಹುಪಾಲು ಉದ್ದದ ವೈರ್‌ನಲ್ಲೇ ಮುಗಿದು, ಪ್ಯಾಡ್‌ನಲ್ಲಿ ಉಳಿಯುವುದು ಕಾಲು ವೋಲ್ಟ್. ಇನ್ನೂ ಉರಿಯದ ಇಗ್ನೈಟರ್‌ಗೆ ಸಿಗುವುದು 0.16 ಆಂಪಿಯರ್. ಅಷ್ಟರಲ್ಲಿ ಅದು ಉರಿಯುವಷ್ಟು ಬಿಸಿಯಾಗುವುದಿಲ್ಲ. ನಿಮ್ಮ ಎರಡು ಇಗ್ನೈಟರ್‌ಗಳು ಹೆಚ್ಚುಕಡಿಮೆ ಒಟ್ಟಿಗೆ ಉರಿದಿವೆ. ಮೂರನೆಯದು ಕೆಲವೇ ಮಿಲಿಸೆಕೆಂಡು ಹಿಂದೆ ಬಿದ್ದು ಸಿಕ್ಕಿಹಾಕಿಕೊಂಡಿದೆ. ಅದು ಈಗಲೂ 1.5 ಓಮ್ ತೋರಿಸುವುದಕ್ಕೆ ಕಾರಣ ಇದೇ.

ಪರಿಹಾರ ಎರಡು ಭಾಗದ್ದು. ಮೊದಲನೆಯದು, ಬ್ಯಾಟರಿಯನ್ನು ಪ್ಯಾಡ್ ಬಳಿಗೆ ಒಯ್ಯುವುದು. ವಾಹನಗಳ ಹಾರ್ನ್, ಹೆಡ್‌ಲೈಟಿಗೆ ಹಾಕುವ 12 ವೋಲ್ಟ್, 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಯಾವುದೇ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಟರಿಯ ಪ್ಲಸ್‌ನಿಂದ 30 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್‌ಗೆ, 87ನೇ ಪಿನ್‌ನಿಂದ ಇಗ್ನೈಟರ್‌ಗಳ ಕಡೆಗೆ ಎರಡೂವರೆ ಎಂಎಂ ವೈರ್, ಎರಡು ಮೀಟರಿಗಿಂತ ಉದ್ದ ಬೇಡ. 85 ಮತ್ತು 86 ಕಾಯಿಲ್‌ನ ಪಿನ್‌ಗಳು. ಅವುಗಳ ಅಡ್ಡಕ್ಕೆ ಒಂದು 1ಎನ್4007 ಡಯೋಡ್, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಕಾಯಿಲ್ ಎಳೆಯುವುದು ಸುಮಾರು 0.15 ಆಂಪಿಯರ್ ಮಾತ್ರ, ಆದ್ದರಿಂದ ನಿಮ್ಮ ಹಳೆಯ ಅರ್ಧ ಎಂಎಂ ವೈರನ್ನು ಎಸೆಯಬೇಕಿಲ್ಲ. ಅದನ್ನೇ 60 ಮೀಟರ್ ಎಳೆದರೂ ಕಾಯಿಲ್‌ನ ಪಾಲಿಗೆ ಮುಕ್ಕಾಲು ವೋಲ್ಟಿನಷ್ಟೂ ನಷ್ಟವಾಗುವುದಿಲ್ಲ.

60 ಮೀಟರ್ ಎಂದದ್ದು ಸುಮ್ಮನೆ ಅಲ್ಲ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಹೈ ಪವರ್ ಸುರಕ್ಷತಾ ಸಂಹಿತೆಯ ಪ್ರಕಾರ ಜೆ ದರ್ಜೆಯವರೆಗೆ ಒಂಟಿ ಮೋಟರ್‌ಗೆ ಕನಿಷ್ಠ 100 ಅಡಿ ದೂರ ಸಾಕು; ಆದರೆ ಒಂದಕ್ಕಿಂತ ಹೆಚ್ಚು ಮೋಟರ್ ಇದ್ದರೆ 200 ಅಡಿ. ನೀವು ನಿಂತಿದ್ದ 30 ಮೀಟರ್ ಅದರ ಅರ್ಧ. ಓರೆಯಾಗಿ ಹೋದ ರಾಕೆಟ್ ನಿಮ್ಮ ಕಡೆಗೇ ತಿರುಗಬಹುದಿತ್ತು. ಮುಂದಿನ ಸಲ ಈ ಒಂದನ್ನಂತೂ ದಯವಿಟ್ಟು ಬಿಡಬೇಡಿ.

ಎರಡನೆಯ ಭಾಗವನ್ನು ಬಹಳ ತಂಡಗಳು ಕೈಬಿಡುತ್ತವೆ, ನಮ್ಮ ಮಟ್ಟಿಗೆ ಅದೇ ಮುಖ್ಯ. ಪ್ರತಿ ಇಗ್ನೈಟರ್‌ನ ದಾರಿಯಲ್ಲಿ ಪ್ರತ್ಯೇಕವಾಗಿ 1 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದನ್ನು ಹಾಕಿ. ಆಗ ಒಂದೊಂದು ಇಗ್ನೈಟರ್‌ಗೆ ಸುಮಾರು 4.5 ಆಂಪಿಯರ್. ಒಂದು ಪೂರ್ತಿ ಶಾರ್ಟ್ ಆದರೂ ಉಳಿದ ಎರಡಕ್ಕೆ 4.3 ಆಂಪಿಯರ್ ಸಿಗುತ್ತಲೇ ಇರುತ್ತದೆ, ಒಟ್ಟು ಹರಿವು 19 ಆಂಪಿಯರ್ ದಾಟುವುದಿಲ್ಲ. ಈ ರೆಸಿಸ್ಟರ್ ಇಲ್ಲದೆ ರಿಲೇ ಮಾತ್ರ ಹಾಕಿದರೆ ಶಾರ್ಟ್ ಆದ ಕ್ಷಣ 80 ಆಂಪಿಯರ್ ಮೀರಿ ಹರಿದು ರಿಲೇಯ ತುಟಿಗಳು (ಒಳಗೆ ಒಂದಕ್ಕೊಂದು ತಾಗುವ ಲೋಹದ ತುದಿಗಳು) ಅಂಟಿಕೊಳ್ಳಬಹುದು. ಅಂಟಿಕೊಂಡ ರಿಲೇ ಎಂದರೆ ಮುಂದಿನ ಸಲ ಕ್ಲಿಪ್ ಹಾಕುತ್ತಿದ್ದಂತೆಯೇ, ನಿಮ್ಮ ಕೈ ಅಲ್ಲಿರುವಾಗಲೇ, ಮೋಟರ್ ಹೊತ್ತಿಕೊಳ್ಳುವುದು. ಹಾಗಾಗಿ ಇಗ್ನೈಟರ್‌ಗೆ ಕ್ಲಿಪ್ ಹಾಕುವ ಮುನ್ನ ಪ್ರತಿ ಸಲವೂ ಆ ಕ್ಲಿಪ್‌ಗಳಿಗೆ ಒಂದು ಇಂಡಿಕೇಟರ್ ಬಲ್ಬ್ ತಾಗಿಸಿ, ಅದು ಉರಿಯುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಬಟನ್ ಒಂದೆರಡು ಸೆಕೆಂಡು ಒತ್ತಿದರೆ ಸಾಕು, ಹೆಚ್ಚು ಹೊತ್ತು ಹಿಡಿದರೆ ರೆಸಿಸ್ಟರ್ ಸುಡುತ್ತದೆ.

ಇದನ್ನೆಲ್ಲ ಮೋಟರ್ ಇಲ್ಲದೆ ಮನೆಯಲ್ಲೇ ಪರೀಕ್ಷಿಸಬಹುದು. ಇಗ್ನೈಟರ್‌ಗಳ ಜಾಗದಲ್ಲಿ 12 ವೋಲ್ಟ್, 21 ವ್ಯಾಟ್‌ನ ಮೂರು ಬಲ್ಬ್ ಹಾಕಿ. ಬಟನ್ ಒತ್ತಿದಾಗ ಒಂದು ಬಲ್ಬನ್ನು ವೈರ್ ತುಂಡಿನಿಂದ ಶಾರ್ಟ್ ಮಾಡಿ ನೋಡಿ. ನಿಮ್ಮ ಹಳೆಯ ಜೋಡಣೆಯಲ್ಲಿ ಮಿಕ್ಕ ಎರಡೂ ಆರಿಹೋಗುತ್ತವೆ. ಹೊಸದರಲ್ಲಿ ಉರಿಯುತ್ತಲೇ ಇರುತ್ತವೆ.

ವಿದ್ಯುತ್ ಸರಿಹೋದ ಮೇಲೂ ಮೋಟರ್‌ಗಳ ಸ್ವಭಾವ ಬೇರೆ ಇದೆ. ಕರಿಮದ್ದಿನ ಮೋಟರ್ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಕಾಂಪೋಸಿಟ್ ಹಾಗಲ್ಲ, ಒಳಗೆ ಒತ್ತಡ ಏರಬೇಕು, ಅದಕ್ಕೆ ಹಿಡಿಯುವ ಸಮಯ ಮೋಟರಿನಿಂದ ಮೋಟರಿಗೆ ಬದಲಾಗುತ್ತದೆ. ಆದ್ದರಿಂದ ಎರಡು ಬಗೆಯನ್ನು ಒಂದೇ ಗುಂಪಿನಲ್ಲಿ ಬೆರೆಸಬೇಡಿ. ಒಂದೇ ಬ್ಯಾಚಿನ ಮೋಟರ್, ಒಂದೇ ಪೊಟ್ಟಣದ ಇಗ್ನೈಟರ್ ಬಳಸಿ. ಇಗ್ನೈಟರ್‌ನ ತಲೆ ಮೋಟರಿನ ಮೇಲ್ತುದಿಯವರೆಗೆ, ಇಂಧನದ ಕೊಳವೆಯ ಕೊನೆಗೆ ತಾಗಬೇಕು. ಹೊರಗೇ ಅಳತೆ ಹಿಡಿದು ಲೀಡ್ ಮೇಲೆ ಟೇಪ್ ಗುರುತು ಹಾಕಿ, ಆ ಗುರುತು ನಾಝಲ್ ಬಾಯಿಗೆ ಬರುವವರೆಗೆ ತೂರಿಸಿ. ಅರ್ಧಕ್ಕೇ ನಿಂತ ಇಗ್ನೈಟರ್ ಕೆಳಭಾಗವನ್ನಷ್ಟೇ ಸುಟ್ಟು ಹೊರಗೆ ಉಗುಳಲ್ಪಡುತ್ತದೆ. ನಾಝಲ್ ಮುಚ್ಚಳದ ಒಂದು ಮೂಲೆ ಕತ್ತರಿಸಿ ಗಾಳಿಗೆ ದಾರಿ ಬಿಡಿ; ಬಿಗಿಯಾಗಿ ಮುಚ್ಚಿದರೂ ಒತ್ತಡಕ್ಕೆ ಮುಚ್ಚಳವೂ ಇಗ್ನೈಟರೂ ಒಟ್ಟಿಗೆ ಹಾರುತ್ತವೆ.

ಇನ್ನೊಂದು ಸೂಕ್ಷ್ಮ. ನಿಮ್ಮ ರಾಕೆಟ್‌ನ ತೂಕ ಸುಮಾರು 39 ನ್ಯೂಟನ್, ಒಂದೇ ಮೋಟರಿನ ಬಲ 100. ಅಂದರೆ ಒಂದು ಹೊತ್ತಿಕೊಂಡರೂ ರಾಕೆಟ್ ಹೊರಟುಬಿಡುತ್ತದೆ, ಉಳಿದ ಇಗ್ನೈಟರ್‌ಗಳನ್ನು ಕಿತ್ತುಕೊಂಡು. ಲೀಡ್‌ನಲ್ಲಿ 30 ಸೆಂ.ಮೀ. ಸಡಿಲ ಬಿಟ್ಟರೆ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಕಾಲಾವಕಾಶ ಸಿಗುತ್ತದೆ. ಸಣ್ಣದು, ಆದರೂ ಉಪಯೋಗಕ್ಕೆ ಬರುತ್ತದೆ.

ಮುಂದಿನ ರಾಕೆಟನ್ನು ಹೊಸದಾಗಿ ಕಟ್ಟುವುದಾದರೆ ಮೂರು ಸಮಾನ ಮೋಟರಿನ ತ್ರಿಕೋನಕ್ಕಿಂತ, ನಡುವೆ ಒಂದು ದೊಡ್ಡದು, ಆಚೀಚೆ ಎರಡು ಚಿಕ್ಕವು ಇಡುವುದು ನಮಗೆ ಮೇಲೆನಿಸುತ್ತದೆ. ಇಡೀ ರಾಕೆಟಿನ ತೂಕದ ಐದು ಪಟ್ಟು ಬಲ ನಡುವಿನದಕ್ಕೇ ಇದ್ದರೆ ಉಳಿದವು ಕೈಕೊಟ್ಟರೂ ರಾಕೆಟ್ ನೇರ ಏರುತ್ತದೆ. ಪ್ಯಾರಾಚೂಟ್ ಬಿಚ್ಚುವ ಕೆಲಸವನ್ನು ಹೊತ್ತಿಕೊಳ್ಳದೇ ಹೋಗಬಹುದಾದ ಮೋಟರಿಗೆ ಬಿಡದೆ ಎತ್ತರ ಅಳೆಯುವ ಆಲ್ಟಿಮೀಟರಿಗೆ ವಹಿಸಿ.

ಬಟನ್ ಒತ್ತಿದರೂ ಏನೂ ಆಗದಿದ್ದರೆ ಬಟನ್ ಪೆಟ್ಟಿಗೆಯ ಸುರಕ್ಷತಾ ಕೀಲಿ ತೆಗೆದು ಪೂರ್ತಿ 60 ಸೆಕೆಂಡು ಕಾಯಿರಿ. ಆಮೇಲೆ ಒಬ್ಬರೇ ಹೋಗಿ ಮೊದಲು ಬ್ಯಾಟರಿ ಬಿಡಿಸಿ. ಕೆಳಗಿಳಿದ ರಾಕೆಟ್‌ನಲ್ಲಿ ಉರಿಯದೆ ಉಳಿದ ಮೋಟರಿಗೂ ಇದೇ ಎಚ್ಚರ: ಬಾಯಿ ಯಾರ ಕಡೆಗೂ ಇರದಂತೆ ಹಿಡಿದು ಮೊದಲು ಇಗ್ನೈಟರ್ ತೆಗೆಯಿರಿ.

ಪ್ರಶ್ನೆ: ಶಿರಸಿಯ ಮಳೆಗಾಲದಲ್ಲಿ ಇಗ್ನೈಟರ್ ಮತ್ತು ಕ್ಲಿಪ್‌ಗಳನ್ನು ಹೇಗೆ ಕಾಪಾಡುವುದು?

ಉತ್ತರ: ಇಗ್ನೈಟರ್‌ಗಳ ಎರಡೂ ಲೀಡ್ ಒಟ್ಟಿಗೆ ಹೊಸೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದನ್ನು ಬೇರೆಡೆ ಒಯ್ದು ಬಿಸಿ ಮಾಡಿ ಒಣಗಿಸಿ. ಬಳಸುವ ಮುನ್ನ ಡಿಜಿಟಲ್ ಮೀಟರ್‌ನಲ್ಲಿ ರೋಧ ಅಳೆದು, ಉಳಿದವುಗಳಿಗಿಂತ ಹತ್ತನೇ ಒಂದು ಪಾಲಿಗೂ ಹೆಚ್ಚು ವ್ಯತ್ಯಾಸ ಇರುವುದನ್ನು ಗುಂಪಿಗೆ ಸೇರಿಸಬೇಡಿ. ಮುಳ್ಳಿನ ಹಳೆಯ ಮೀಟರ್ ಬೇಡ. ಕೆಳಗಿನ ಓಮ್ ರೇಂಜಿನಲ್ಲಿ ಅದು ಹರಿಸುವ ಕರೆಂಟ್ ಸೂಕ್ಷ್ಮ ಇಗ್ನೈಟರನ್ನು ಉರಿಸಿಬಿಡಬಹುದು. ಅಳೆಯುವಾಗ ಇಗ್ನೈಟರ್‌ನ ತಲೆ ಮುಖದಿಂದ, ಮೋಟರಿನಿಂದ ದೂರ ಇರಲಿ.

ಕ್ರೊಕೊಡೈಲ್ ಕ್ಲಿಪ್‌ನ ಹಸಿರು ಕಿಲುಬನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ. ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಬೇಡಿ, ಸಂದಿಯಲ್ಲಿ ಉಳಿದ ಹುಳಿ ಮತ್ತೆ ತಿನ್ನುತ್ತದೆ. ಕರಾವಳಿಯ ಉಪ್ಪುಗಾಳಿಗೆ ಒಡ್ಡಿದ ಕ್ಲಿಪ್‌ಗಳನ್ನು ವರ್ಷಕ್ಕೊಮ್ಮೆ ಬದಲಿಸುವುದೇ ಅಗ್ಗ.

ಪ್ರಶ್ನೆ: ಕಾರವಾರದ ಕಡಲತೀರದಲ್ಲೇ ಹಾರಿಸಬಹುದೇ?

ಉತ್ತರ: ಬೇಡ. ಪಕ್ಕದಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ, ಒಳನಾಡಿಗೆ ಕೈಗಾ ಅಣು ವಿದ್ಯುತ್ ಸ್ಥಾವರ, ನೀರಿನಲ್ಲಿ ಮೀನುಗಾರರ ದೋಣಿಗಳು. ಮೋಟರ್ ಮತ್ತು ಇಗ್ನೈಟರ್ ತರಿಸಲು, ಇಟ್ಟುಕೊಳ್ಳಲು 2008ರ ಸ್ಫೋಟಕ ನಿಯಮಗಳು ಅನ್ವಯಿಸುತ್ತವೆ. ಹಾರಾಟಕ್ಕೆ ಜಿಲ್ಲಾಡಳಿತ, ಪೊಲೀಸ್ ಮತ್ತು ವಾಯುಪ್ರದೇಶದ ಒಪ್ಪಿಗೆ ಬೇರೆ. ಬಲ್ಬ್ ಹಾಕಿ ಮಾಡುವ ರಿಲೇ ಪರೀಕ್ಷೆಗೆ ಇದ್ಯಾವುದೂ ಬೇಕಿಲ್ಲ, ಅದನ್ನು ಕಾಲೇಜಿನ ಲ್ಯಾಬಿನಲ್ಲೇ ಮುಗಿಸಿಕೊಳ್ಳಿ.